ಒಳಗೆ ಏನಾಗ್ತಿದೆ ಅಂತ ಹೇಳಲು ಬರುತ್ತಿಲ್ಲವೇ? ಮೈಯಿಂದ ಶುರು ಮಾಡಿ

"ಹೇಗನ್ನಿಸ್ತಿದೆ?" ಅಂತ ಯಾರಾದರೂ ಕೇಳಿದ ತಕ್ಷಣ ತಲೆ ಖಾಲಿ ಆಗುವವರು ನಮ್ಮ ನಡುವೆ ತುಂಬಾ ಜನ ಇದ್ದಾರೆ. ಅವರು ಏನನ್ನೂ ಮುಚ್ಚಿಡುತ್ತಿರುವುದಿಲ್ಲ. ಅವರಿಗೇ ಉತ್ತರ ಸಿಗುವುದಿಲ್ಲ, ಅಷ್ಟೇ. ಎದೆ ಬಿಗಿದಿರುತ್ತದೆ, ಹೊಟ್ಟೆ ಕೆಟ್ಟಿರುತ್ತದೆ, ರಾತ್ರಿ ಎರಡು ಗಂಟೆಗೆ ಎಚ್ಚರ ಆಗಿರುತ್ತದೆ, ಆದರೆ ಇದು ಹೆದರಿಕೆಯೋ, ಸಿಟ್ಟೋ, ದುಃಖವೋ ಅಥವಾ ಬರೀ ಗ್ಯಾಸ್ಟ್ರಿಕ್ಕೋ ಅಂತ ಗೊತ್ತಾಗುವುದಿಲ್ಲ. ಕೊನೆಗೆ ಬಾಯಿಗೆ ಬರುವುದು ಒಂದೇ ಮಾತು: "ಏನಿಲ್ಲ, ಚೆನ್ನಾಗಿದೀನಿ."

ಇದನ್ನು ಅಲೆಕ್ಸಿಥೈಮಿಯಾ ಅನ್ನುತ್ತಾರೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಮನೋವೈದ್ಯ ಪೀಟರ್ ಸಿಫ್ನಿಯೋಸ್ ಕೊಟ್ಟ ಹೆಸರು ಇದು. ಒತ್ತಡದ ಜೊತೆ ನಂಟಿರುವ ಮೈಯ ಕಾಯಿಲೆಗಳಿಗೆ ಚಿಕಿತ್ಸೆಗೆ ಬರುತ್ತಿದ್ದ ಕೆಲವರಲ್ಲಿ ಅವರು ಒಂದು ವಿಷಯ ಗಮನಿಸಿದ್ದರು. ಎಲ್ಲಿ ನೋವು, ಯಾವಾಗ ನೋವು, ಆವತ್ತು ಏನೇನು ನಡೆಯಿತು ಅಂತ ಉದ್ದಕ್ಕೆ ಹೇಳುತ್ತಿದ್ದರು. ಆವಾಗ ನಿಮಗೇನನ್ನಿಸಿತು ಅಂದರೆ ಮಾತು ನಿಂತುಹೋಗುತ್ತಿತ್ತು.

ಇದು ರೋಗವಲ್ಲ. ಮನೋವೈದ್ಯರು ಬಳಸುವ ರೋಗಗಳ ಪಟ್ಟಿಯಲ್ಲಿ ಇದಕ್ಕೆ ಬೇರೆ ಜಾಗ ಇಲ್ಲ. ಒಂದು ಸ್ವಭಾವ ಅನ್ನಬಹುದು, ಒಬ್ಬರಲ್ಲಿ ಜಾಸ್ತಿ, ಇನ್ನೊಬ್ಬರಲ್ಲಿ ಕಡಿಮೆ. ಸಾಮಾನ್ಯವಾಗಿ ನೂರಕ್ಕೆ ಸುಮಾರು 10 ಜನರಲ್ಲಿ ಇದು ಎದ್ದು ಕಾಣುವಷ್ಟು ಇರುತ್ತದೆ ಅಂತ ಅಂದಾಜು. ಫಿನ್‌ಲೆಂಡಿನಲ್ಲಿ ಜನಸಾಮಾನ್ಯರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡಸರಲ್ಲಿ ನೂರಕ್ಕೆ 17, ಹೆಂಗಸರಲ್ಲಿ ನೂರಕ್ಕೆ 10 ಅಂತ ಲೆಕ್ಕ ಸಿಕ್ಕಿತು. ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಈ ತೊಂದರೆ ಇದೆ.

ಇಂಥವರಿಗೆ ಭಾವನೆಯೇ ಇಲ್ಲ, ಕಲ್ಲು ಮನಸ್ಸು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಭಾವನೆ ಇರುತ್ತದೆ, ಮೈ ಅದನ್ನು ಪೂರ್ತಿ ಅನುಭವಿಸುತ್ತಿರುತ್ತದೆ. ಅದಕ್ಕೆ ಹೆಸರು ಹಚ್ಚುವ ಕೆಲಸ ಮಾತ್ರ ಆಗುವುದಿಲ್ಲ. ನನ್ನ ಪ್ರಕಾರ ಎಲ್ಲರೂ ಮಾಡುವ ತಪ್ಪು ಇಲ್ಲೇ ಇದೆ: ನಾವು ಮೊದಲೇ ಹೆಸರು ಕೇಳುತ್ತೇವೆ. "ಬೇಜಾರಾ? ಸಿಟ್ಟಾ? ಹೇಳು!" ಅದರ ಬದಲು ಮೈಯಿಂದ ಶುರು ಮಾಡಿ, ಆಮೇಲೆ ಏನು ನಡೆಯಿತು ಅಂತ ನೋಡಿ, ಹೆಸರನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡರೆ ದಾರಿ ತುಂಬಾ ಸುಲಭ ಆಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲ ಆ ಕ್ರಮದಲ್ಲೇ ಇವೆ.

ಹೆಜ್ಜೆ 1: ಮೊದಲು ಮೈಯನ್ನು ಡಾಕ್ಟರಿಗೆ ತೋರಿಸಿ

ಎದೆನೋವು ಬಂದಾಗ "ಇದು ಟೆನ್ಷನ್ ಇರಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ. ಎದೆ ಹಿಂಡಿದ ಹಾಗಾಗಿ, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ, ಇಸಿಜಿ ಆಗಲಿ. ಸುಸ್ತು, ಎದೆ ಡವಡವ, ಕೈ ನಡುಕ ತುಂಬಾ ದಿನದಿಂದ ಇದ್ದರೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಬಿ12 ಇವನ್ನು ನೋಡಿಸಬೇಕೇ ಅಂತ ಕೇಳಿ. ಥೈರಾಯ್ಡ್ ಜಾಸ್ತಿಯಾದರೆ ಬರುವ ಎದೆಬಡಿತವೂ ಆತಂಕದ ಎದೆಬಡಿತವೂ ಒಳಗಿನಿಂದ ಒಂದೇ ಥರ ಕಾಣುತ್ತವೆ.

ಭಾವನೆ ಗುರುತಿಸಲು ಕಷ್ಟಪಡುವವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಅವರಲ್ಲಿ ಕೆಲವರಿಗೆ ಹಸಿವು, ದಣಿವು, ನೋವು ಕೂಡ ಸರಿಯಾಗಿ ಗೊತ್ತಾಗುವುದಿಲ್ಲ, ಹೊತ್ತು ಮೀರಿದ ಮೇಲೆ ಒಮ್ಮೆಲೇ ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಮಾತು. ನಡುಕ, ಬೆವರು, ಗಾಬರಿ, ಇವು ಹೆದರಿಕೆಯಲ್ಲೂ ಬರುತ್ತವೆ, ಸಕ್ಕರೆ ಇಳಿದಾಗಲೂ ಬರುತ್ತವೆ. ಊಹೆ ಮಾಡುತ್ತಾ ಕೂರಬೇಡಿ. ಗ್ಲೂಕೋಮೀಟರ್ ಇದ್ದರೆ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಅದು ಸಕ್ಕರೆ ಇಳಿದದ್ದು, ತಕ್ಷಣ ಸಿಹಿ ತಿನ್ನಬೇಕು. ಯಂತ್ರ ಕೈಗೆ ಸಿಗದಿದ್ದರೂ ಮೊದಲು ಸಿಹಿ ತಿನ್ನಿ, ಯೋಚನೆ ಆಮೇಲೆ.

ಹೆಜ್ಜೆ 2: ನಿಮಗೆ ಇದು ಇದೆಯೇ ಅಂತ ನೋಡಿಕೊಳ್ಳಿ

ಜಗತ್ತಿನಾದ್ಯಂತ ಜಾಸ್ತಿ ಬಳಸುವುದು ಟೊರಾಂಟೊ ಅಲೆಕ್ಸಿಥೈಮಿಯಾ ಸ್ಕೇಲ್ ಅನ್ನುವ 20 ಪ್ರಶ್ನೆಗಳ ಪಟ್ಟಿ. 20ರಿಂದ 100ರವರೆಗೆ ಅಂಕ ಬರುತ್ತದೆ. 61 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇದೆ ಅಂತಲೂ, 51 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇಲ್ಲ ಅಂತಲೂ ಲೆಕ್ಕ ಹಿಡಿಯುತ್ತಾರೆ, ನಡುವಿನದು ಅನುಮಾನದ ಜಾಗ. ಅದು ಮೂರು ವಿಷಯ ಅಳೆಯುತ್ತದೆ. ನನ್ನ ಮಾತಿನಲ್ಲಿ ಹೇಳುವುದಾದರೆ:

ಒಂದು, ಏನೋ ಆಗುತ್ತಿದೆ ಅಂತ ಗೊತ್ತು, ಆದರೆ ಅದು ಯಾವ ಭಾವನೆ ಅಂತ ಗೊತ್ತಾಗುವುದಿಲ್ಲ.

ಎರಡು, ಗೊತ್ತಾದರೂ ಇನ್ನೊಬ್ಬರಿಗೆ ಹೇಳಲು ಮಾತು ಸಿಗುವುದಿಲ್ಲ.

ಮೂರು, ಗಮನವೆಲ್ಲ ಹೊರಗಡೆ ಇರುತ್ತದೆ. ಯಾರು ಬಂದರು, ಎಷ್ಟು ಖರ್ಚಾಯಿತು, ಕೆಲಸ ಎಲ್ಲಿಗೆ ಬಂತು ಅಂತೆಲ್ಲ ಹೇಳುತ್ತೀರಿ, ಒಳಗಿನದು ಆ ಮಾತಿನಲ್ಲಿ ಬರುವುದೇ ಇಲ್ಲ.

ಈ ಪಟ್ಟಿಗೆ ಒಂದು ಮಿತಿ ಇದೆ. ತನ್ನ ಒಳಗನ್ನು ಗುರುತಿಸಲು ಆಗದವರೇ ತಮ್ಮ ಒಳಗಿನ ಬಗ್ಗೆ ಉತ್ತರ ಬರೆಯಬೇಕು, ಕಷ್ಟ ಅಲ್ವಾ? ಹಾಗಾಗಿ ಜೊತೆಗಿರುವವರನ್ನೂ ಕೇಳಿ. "ನಾನು ಸಿಟ್ಟಾಗಿದ್ದಾಗ ನನಗಿಂತ ಮೊದಲು ನಿನಗೆ ಗೊತ್ತಾಗುತ್ತಾ?" ಅಂತ ಹೆಂಡತಿಯನ್ನೋ ಗಂಡನನ್ನೋ ಅಕ್ಕನನ್ನೋ ಕೇಳಿ. ಹೌದು ಅಂತ ಥಟ್ಟನೆ ಉತ್ತರ ಬಂದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಬಂದ ಅಂಕ ನೋಡಿ ನಿಮಗೆ ನೀವೇ ಹಣೆಪಟ್ಟಿ ಕಟ್ಟಿಕೊಳ್ಳಬೇಡಿ.

ಇದು ಯಾವಾಗಿನಿಂದ ಇದೆ ಅಂತಲೂ ಯೋಚಿಸಿ. ಚಿಕ್ಕಂದಿನಿಂದ ಹೀಗೇ ಇದ್ದರೆ ಅದು ಸ್ವಭಾವದ ಭಾಗ. ಕಳೆದ ವರ್ಷದಿಂದ ಶುರುವಾಗಿದ್ದರೆ ಕಾರಣ ಬೇರೆ ಇರಬಹುದು. ಖಿನ್ನತೆ, ದೊಡ್ಡ ಆಘಾತ, ತಲೆಗೆ ಬಿದ್ದ ಪೆಟ್ಟು, ಪಾರ್ಶ್ವವಾಯು, ಇವುಗಳ ನಂತರವೂ ಹೀಗಾಗುತ್ತದೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಕೆಲವರಿಗೆ ಭಾವನೆಗಳೆಲ್ಲ ಮಂಕಾದ ಹಾಗೆ ಅನ್ನಿಸುತ್ತದೆ. ಹಾಗನ್ನಿಸಿದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಬೇರೆ ತೊಂದರೆ ಶುರುವಾಗುತ್ತದೆ.

ಹೆಜ್ಜೆ 3: ಯಾವ ಕಾಯಿಲೆಗಳ ಜೊತೆ ನಂಟಿದೆ ಅಂತ ತಿಳಿದುಕೊಳ್ಳಿ

ಖಿನ್ನತೆ, ಆತಂಕ, ಆಘಾತದ ನಂತರದ ಒತ್ತಡ, ಊಟಕ್ಕೆ ಸಂಬಂಧಿಸಿದ ಮನೋರೋಗಗಳು, ಕುಡಿತ, ಇವುಗಳ ಜೊತೆ ಅಲೆಕ್ಸಿಥೈಮಿಯಾ ಪದೇಪದೇ ಕಾಣಿಸಿಕೊಳ್ಳುತ್ತದೆ. ಮೈಯ ಕಡೆ ಬಂದರೆ ವರ್ಷಗಟ್ಟಲೆ ಉಳಿಯುವ ನೋವು, ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋಯುವ ಕಾಯಿಲೆ), ಐಬಿಎಸ್ (ಪದೇಪದೇ ಹೊಟ್ಟೆನೋವು ಬಂದು ಭೇದಿಯೋ ಮಲಬದ್ಧತೆಯೋ ಆಗುವ ತೊಂದರೆ), ರಕ್ತದೊತ್ತಡ ಇರುವವರಲ್ಲೂ ಉಳಿದವರಿಗಿಂತ ಜಾಸ್ತಿ ಕಂಡುಬಂದಿದೆ. ಫಿನ್‌ಲೆಂಡಿನ ಕುಓಪಿಯೊ ಭಾಗದಲ್ಲಿ ನಡುವಯಸ್ಸಿನ ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ಅಲೆಕ್ಸಿಥೈಮಿಯಾದ ಅಂಕ ಜಾಸ್ತಿ ಇದ್ದವರಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯವೂ ಜಾಸ್ತಿ ಇತ್ತು.

ಹೆದರಬೇಡಿ. ನಂಟು ಇದೆ ಅಂದ ಮಾತ್ರಕ್ಕೆ ಇದೇ ಕಾರಣ ಅಂತ ಅಲ್ಲ. ಎಷ್ಟೋ ಸಲ ಉಲ್ಟಾ ನಡೆಯುತ್ತದೆ: ಹತ್ತು ವರ್ಷ ಬೆನ್ನುನೋವು ಸಹಿಸಿದವರಿಗೆ ನೋವು ಬಿಟ್ಟು ಬೇರೇನೂ ಕೇಳಿಸದ ಹಾಗೆ ಆಗುತ್ತದೆ.

ಆದರೆ ಇದು ಹೇಗೆ ನಡೆಯಬಹುದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದಿನ ಹೆಜ್ಜೆಗಳು ನಿಂತಿರುವುದು ಇದರ ಮೇಲೆ. ಹೆದರಿಕೆಯಾದಾಗ ಹೃದಯ ಜೋರಾಗಿ ಬಡಿಯುತ್ತದೆ, ಸ್ನಾಯು ಬಿಗಿಯುತ್ತದೆ, ಕರುಳಿನ ಕೆಲಸ ಏರುಪೇರಾಗುತ್ತದೆ. "ನನಗೆ ಹೆದರಿಕೆ ಆಗ್ತಿದೆ" ಅಂತ ಗೊತ್ತಾದವರು ಏನಾದರೂ ಮಾಡುತ್ತಾರೆ, ಯಾರ ಹತ್ತಿರವಾದರೂ ಹೇಳುತ್ತಾರೆ, ಅಲ್ಲಿಂದ ಎದ್ದು ಹೋಗುತ್ತಾರೆ, ಅಳುತ್ತಾರೆ, ಮೈ ಮತ್ತೆ ತಣ್ಣಗಾಗುತ್ತದೆ. ಗೊತ್ತಾಗದವರು ಅದೇ ಜಾಗದಲ್ಲಿ, ಅದೇ ಬಿಗಿತದಲ್ಲಿ ದಿನ, ವಾರ, ತಿಂಗಳು ಕಳೆಯುತ್ತಾರೆ. ಸಂಜೆ ಎರಡು ಪೆಗ್ ಹಾಕಿದರೆ ಸರಿ ಹೋಗುತ್ತದೆ ಅಂತ ಕಲಿಯುತ್ತಾರೆ, ಅಥವಾ ರಾತ್ರಿ ಫ್ರಿಜ್ ಮುಂದೆ ನಿಲ್ಲುತ್ತಾರೆ. ಇನ್ನು ಕೆಲವರು ಮೈಯ ಪ್ರತಿ ಸೂಚನೆಯನ್ನೂ ಹೊಸ ರೋಗ ಅಂತ ತಿಳಿದು ಸ್ಕ್ಯಾನಿಂದ ಸ್ಕ್ಯಾನಿಗೆ, ಎಂಡೋಸ್ಕೋಪಿಯಿಂದ ಎಂಡೋಸ್ಕೋಪಿಗೆ ಅಲೆಯುತ್ತಾರೆ, ಎಲ್ಲ ರಿಪೋರ್ಟೂ ನಾರ್ಮಲ್ ಬಂದಾಗ ಮನೆಯವರು "ನಾಟಕ" ಅಂದುಬಿಡುತ್ತಾರೆ. ನಾಟಕವಲ್ಲ ಅದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ಆ ನೋವು ನಿಜವಾಗಿಯೂ ಆಗುತ್ತಿರುತ್ತದೆ.

ಹೆಜ್ಜೆ 4: ಎರಡು ವಾರ ಮೈ ಡೈರಿ ಬರೆಯಿರಿ

ಒಂದೇ ಹೆಜ್ಜೆ ಮಾಡಲು ಸಮಯ ಇದೆ ಅನ್ನುವವರು ಇದನ್ನು ಮಾಡಿ.

ಚಿಕ್ಕ ನೋಟ್‌ಬುಕ್ ಸಾಕು, ಮೊಬೈಲಿನ ನೋಟ್ಸ್ ಆದರೂ ಸರಿ. ದಿನಕ್ಕೆ ಮೂರು ಸಲ, ತಿಂಡಿಗೆ ಮೊದಲು, ಮಧ್ಯಾಹ್ನ, ಮಲಗುವ ಮೊದಲು, ಒಂದೊಂದು ನಿಮಿಷ ಕಣ್ಣು ಮುಚ್ಚಿ ತಲೆಯಿಂದ ಕಾಲಿನವರೆಗೆ ಗಮನ ಹರಿಸಿ. ಹಣೆ, ದವಡೆ, ಗಂಟಲು, ಭುಜ, ಎದೆ, ಹೊಟ್ಟೆ, ಅಂಗೈ, ಕಾಲು. ಎಲ್ಲಿ ಬಿಗಿತ, ಎಲ್ಲಿ ಬಿಸಿ, ಎಲ್ಲಿ ತಣ್ಣಗೆ, ಎಲ್ಲಿ ಭಾರ ಅಂತ ಮಾತ್ರ ನೋಡಿ. ಭಾವನೆಯ ಹೆಸರು ಬರೆಯಬೇಡಿ, ಬಂದರೂ ಸದ್ಯಕ್ಕೆ ಪಕ್ಕಕ್ಕಿಡಿ.

ಬರೆಯಬೇಕಾದದ್ದು ಇಷ್ಟು: ಗಂಟೆ ಎಷ್ಟು, ಮೈಯಲ್ಲಿ ಎಲ್ಲಿ ಏನು, ಎಷ್ಟು ಜೋರು (0ಯಿಂದ 10), ಅದಕ್ಕೆ ಮೊದಲಿನ ಒಂದು ಗಂಟೆಯಲ್ಲಿ ಏನು ನಡೆಯಿತು, ಜೊತೆಗೆ ಯಾರಿದ್ದರು, ಏನು ತಿಂದಿರಿ, ನಿದ್ದೆ ಎಷ್ಟಾಗಿತ್ತು.

ಉದಾಹರಣೆಗೆ: "ಭಾನುವಾರ ಸಂಜೆ 7. ಹೊಟ್ಟೆಯಲ್ಲಿ ಕಿವುಚಿದ ಹಾಗೆ, 6. ನಾಳೆ ಮೀಟಿಂಗ್ ಇದೆ ಅಂತ ಮ್ಯಾನೇಜರ್ ಮೆಸೇಜ್ ಬಂತು. ಒಬ್ಬನೇ ಇದ್ದೆ. ಮಧ್ಯಾಹ್ನ ಅನ್ನ ಸಾರು. ನಿದ್ದೆ 7 ಗಂಟೆ." ಇನ್ನೊಂದು: "ಗುರುವಾರ ರಾತ್ರಿ 9. ಗಂಟಲು ಕಟ್ಟಿದ ಹಾಗೆ, 5. ಅಮ್ಮ ಫೋನ್ ಮಾಡಿ ಊರಿನ ಮನೆ ಮಾರುವ ವಿಷಯ ಹೇಳಿದರು."

ಒಂದು ದಿನದ ಬರಹದಲ್ಲಿ ಏನೂ ಕಾಣುವುದಿಲ್ಲ. ಎರಡು ವಾರ ಆದ ಮೇಲೆ ಒಟ್ಟಿಗೆ ಕೂತು ಓದಿ. ಭಾನುವಾರ ಸಂಜೆಯ ಹೊಟ್ಟೆನೋವು ಎರಡೂ ವಾರ ಬಂದಿದೆಯೇ? ಊರಿನ ಫೋನ್ ಬಂದಾಗಲೆಲ್ಲ ಗಂಟಲು ಕಟ್ಟಿದೆಯೇ? ಅಥವಾ ಹಾಗೇನೂ ಇಲ್ಲದೆ ಹಾಲು ಕುಡಿದಾಗ ಮಾತ್ರ ಹೊಟ್ಟೆ ಕೆಟ್ಟಿದೆಯೇ? ಕೊನೆಯದು ಕಂಡರೂ ಲಾಭವೇ, ಅದು ಡಾಕ್ಟರಿಗೆ ಬೇಕಾದ ಮಾಹಿತಿ.

ಬರೆಯುವುದೇ ಬೇಡ ಅನ್ನುವವರು ಚಿತ್ರ ಮಾಡಿ. ಒಂದು ಹಾಳೆಯಲ್ಲಿ ಮನುಷ್ಯನ ಆಕಾರ ಗೀಚಿ, ಚುರುಕಾದ ಕಡೆ ಕೆಂಪು, ಶಕ್ತಿ ಇಳಿದ ಕಡೆ ನೀಲಿ ಬಣ್ಣ ಹಚ್ಚಿ. ಫಿನ್‌ಲೆಂಡಿನ ಲೌರಿ ನುಮ್ಮೆನ್ಮಾ ಮತ್ತು ಅವರ ಜೊತೆಯವರು ನೂರಾರು ಜನರಿಂದ ಹೀಗೆ ಬಣ್ಣ ಹಾಕಿಸಿದ್ದರು. ಸಿಟ್ಟಿನಲ್ಲಿ ಎದೆ, ತಲೆ, ಕೈಗಳು ಚುರುಕಾಗಿದ್ದವು, ದುಃಖದಲ್ಲಿ ಕೈಕಾಲು ಸೋತುಹೋಗಿದ್ದವು, ಖುಷಿಯಲ್ಲಿ ಇಡೀ ಮೈ ಬೆಳಗಿತ್ತು. ನಿಮ್ಮ ಚಿತ್ರ ಹೀಗೇ ಇರಬೇಕು ಅಂತೇನಿಲ್ಲ. ಆದರೆ ಮಕ್ಕಳಿಗೆ, ಆಟಿಸಂ ಇರುವವರಿಗೆ, ಮಾತು ಕಡಿಮೆ ಇರುವ ಹಿರಿಯರಿಗೆ ಪ್ರಶ್ನೆಗಿಂತ ಈ ಹಾಳೆ ಸುಲಭ.

ಹೆಜ್ಜೆ 5: ಹೃದಯದ ಬಡಿತ ಕೇಳುವ ಅಭ್ಯಾಸ

ಚಿಕ್ಕ ಅಭ್ಯಾಸ ಇದು. ಸುಮ್ನೆ ಕೂತು, ನಾಡಿ ಮುಟ್ಟದೆ, ಮೂವತ್ತು ಸೆಕೆಂಡು ನಿಮ್ಮ ಎದೆಬಡಿತ ಎಣಿಸಲು ಪ್ರಯತ್ನಿಸಿ. ಆಮೇಲೆ ಮಣಿಕಟ್ಟಿನಲ್ಲಿ ಬೆರಳಿಟ್ಟು ಮೂವತ್ತು ಸೆಕೆಂಡು ಎಣಿಸಿ, ಎಷ್ಟು ವ್ಯತ್ಯಾಸ ಇದೆ ನೋಡಿ. ನಂತರ ಎರಡು ಮಹಡಿ ಮೆಟ್ಟಿಲು ಹತ್ತಿ ಬಂದು ಮತ್ತೆ ಮಾಡಿ, ಆಗ ಬಡಿತ ಜೋರಾಗಿರುವುದರಿಂದ ಸುಲಭ. ಇಂಗ್ಲೆಂಡಿನಲ್ಲಿ ಆಟಿಸಂ ಇರುವ ವಯಸ್ಕರಿಗೆ ಇಂಥದೇ ತರಬೇತಿ ಕೊಟ್ಟಾಗ ಆತಂಕ ಕಡಿಮೆಯಾಯಿತು ಅಂತ 2021ರಲ್ಲಿ ಪ್ರಕಟವಾಗಿದೆ. ಹೃದಯದ ಕಾಯಿಲೆ ಇದ್ದವರು ಮೆಟ್ಟಿಲು ಬಿಡಿ. ಎದೆಬಡಿತದ ಮೇಲೆ ಗಮನ ಕೊಟ್ಟರೆ ಗಾಬರಿ ಜಾಸ್ತಿ ಆಗುತ್ತದೆ ಅನ್ನುವವರು ಈ ಹೆಜ್ಜೆಯನ್ನೇ ಬಿಡಿ.

ಹೆಜ್ಜೆ 6: ಈಗ ಹೆಸರು ಹುಡುಕಿ

ನಮ್ಮಲ್ಲಿ "ಬೇಜಾರು" ಮತ್ತು "ಟೆನ್ಷನ್" ಎರಡೇ ಮಾತಲ್ಲಿ ಎಲ್ಲವನ್ನೂ ಮುಗಿಸುತ್ತೇವೆ. ಬಸ್ ತಪ್ಪಿದರೂ ಬೇಜಾರು, ಅಪ್ಪ ತೀರಿಕೊಂಡರೂ ಬೇಜಾರು. ಹಾಗಾಗಿ ಡೈರಿಯಲ್ಲಿ ಬೇಜಾರು ಅಂತ ಬರೆಯಬೇಕು ಅನ್ನಿಸಿದಾಗಲೆಲ್ಲ ಅದರ ಪಕ್ಕ ಇನ್ನೊಂದು ಪ್ರಶ್ನೆ ಹಾಕಿಕೊಳ್ಳಿ: ನನಗೆ ಈಗ ಏನು ಮಾಡಬೇಕು ಅನ್ನಿಸುತ್ತಿದೆ?

ಯಾರಿಗಾದರೂ ಬೈಯಬೇಕು, ಬಾಗಿಲು ಧಡಾರ್ ಅಂತ ಹಾಕಬೇಕು ಅನ್ನಿಸಿದರೆ ಅದು ಬಹುಶಃ ಸಿಟ್ಟು ಅಥವಾ ಕಿರಿಕಿರಿ. ಅಲ್ಲಿಂದ ಓಡಿಹೋಗಬೇಕು, ಫೋನ್ ಎತ್ತಬಾರದು ಅನ್ನಿಸಿದರೆ ಹೆದರಿಕೆ, ಆತಂಕ. ಯಾರಿಗೂ ಮುಖ ತೋರಿಸಬಾರದು ಅನ್ನಿಸಿದರೆ ನಾಚಿಕೆ, ಮುಜುಗರ, ಅವಮಾನ. ಹೊದ್ದು ಮಲಗಬೇಕು, ಯಾರಾದರೂ ಹತ್ತಿರ ಇದ್ದರೆ ಸಾಕು ಅನ್ನಿಸಿದರೆ ದುಃಖ ಅಥವಾ ಒಂಟಿತನ. ಅವರಿಗೆ ಸಿಕ್ಕಿದ್ದು ನನಗೆ ಯಾಕಿಲ್ಲ ಅನ್ನಿಸಿದರೆ ಹೊಟ್ಟೆಕಿಚ್ಚು, ಅದನ್ನೂ ನಾಚಿಕೊಳ್ಳದೆ ಬರೆಯಿರಿ. ಕೆಟ್ಟದ್ದನ್ನು ಮಾತ್ರ ಹುಡುಕಬೇಡಿ. ನೆಮ್ಮದಿ, ಹಗುರ, ಹುರುಪು, ಅಕ್ಕರೆ, ಹೆಮ್ಮೆ, ಇವನ್ನು ಗುರುತಿಸಲೂ ಇಂಥವರಿಗೆ ಅಷ್ಟೇ ಕಷ್ಟ.

ಎರಡು ಒಟ್ಟಿಗೆ ಇರಬಹುದು. ಮಗಳ ಮದುವೆಯ ದಿನ ಸಂತೋಷವೂ ಇರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಇರುತ್ತದೆ. ಒಂದೇ ಹೆಸರು ಬರೆಯಬೇಕು ಅಂತ ಹಟ ಬೇಡ.

ಹೆಸರು ಸರಿಯೋ ತಪ್ಪೋ ಅಂತ ಹೇಗೆ ಗೊತ್ತಾಗಬೇಕು? ಮೆಲ್ಲಗೆ ಬಾಯಿಬಿಟ್ಟು ಹೇಳಿ ನೋಡಿ: "ನನಗೆ ಅವಮಾನ ಆಗಿದೆ." ಕೆಲವು ಸಲ ಭುಜ ಸ್ವಲ್ಪ ಸಡಿಲವಾಗುತ್ತದೆ, ಉಸಿರು ಬಿಡುತ್ತೀರಿ. ಏನೂ ಆಗದಿದ್ದರೆ ಇನ್ನೊಂದು ಹೆಸರು ಹಾಕಿ ನೋಡಿ. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್ಮನ್ ತಂಡ ಮೆದುಳಿನ ಸ್ಕ್ಯಾನ್ ಮಾಡಿ ನೋಡಿತ್ತು. ಸಿಟ್ಟಿನ, ಹೆದರಿಕೆಯ ಮುಖದ ಚಿತ್ರ ತೋರಿಸಿ ಆ ಭಾವನೆಗೆ ಹೆಸರು ಹಚ್ಚಲು ಹೇಳಿದಾಗ, ಅಪಾಯಕ್ಕೆ ಎಚ್ಚರಿಸುವ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಇಳಿದಿತ್ತು.

ಹೆಜ್ಜೆ 7: ಒಬ್ಬರಿಗೆ ಹೇಳಿ, ಚಿಕ್ಕದಾಗಿ ಹೇಳಿ

ಎಲ್ಲರಿಗೂ ಹೇಳುವುದು ಬೇಡ. ನಂಬಿಕೆ ಇರುವ ಒಬ್ಬರು ಸಾಕು. ಮೊದಮೊದಲು ಮೈಯ ಮಾತೇ ಸಾಕು: "ಇವತ್ತು ಅಣ್ಣನ ಫೋನ್ ಬಂದಾಗಿಂದ ಎದೆ ಭಾರ ಇದೆ. ಏನು ಅಂತ ಇನ್ನೂ ಗೊತ್ತಾಗ್ತಿಲ್ಲ." ಗೊತ್ತಾಗ್ತಿಲ್ಲ ಅಂತ ಹೇಳುವುದು ಪೂರ್ತಿ ಸರಿಯಾದ ಉತ್ತರ. ಎದುರು ಕೂತು ಕಣ್ಣು ನೋಡಿ ಮಾತಾಡಲು ಕಷ್ಟವಾದರೆ ವಾಕಿಂಗ್ ಹೋಗುವಾಗ, ಗಾಡಿ ಓಡಿಸುವಾಗ, ಅವರೆಕಾಯಿ ಸುಲಿಯುವಾಗ ಹೇಳಿ. ವಾಟ್ಸಾಪಿನಲ್ಲಿ ಬರೆದು ಕಳಿಸಿದರೂ ತಪ್ಪಿಲ್ಲ.

ಮನೆಯವರಿಗೆ

ಇದನ್ನು ಓದುತ್ತಿರುವವರಲ್ಲಿ ಅರ್ಧ ಜನ ತಮಗಾಗಿ ಓದುತ್ತಿಲ್ಲ, ಗಂಡನಿಗಾಗಿಯೋ ಅಪ್ಪನಿಗಾಗಿಯೋ ಓದುತ್ತಿದ್ದೀರಿ ಅಂತ ನನ್ನ ಊಹೆ. ನಮ್ಮಲ್ಲಿ ಗಂಡುಮಕ್ಕಳಿಗೆ ಚಿಕ್ಕಂದಿನಿಂದ "ಗಂಡಸಾಗಿ ಅಳ್ತೀಯಾ" ಅಂತ ಹೇಳಿ ಬೆಳೆಸುತ್ತೇವೆ, ಐವತ್ತು ವರ್ಷ ಆದ ಮೇಲೆ "ಏನೂ ಹೇಳಲ್ಲ ಈ ಮನುಷ್ಯ" ಅಂತ ಕೊರಗುತ್ತೇವೆ. ಸೊಸೆಯಂದಿರ ಕಥೆಯೂ ಬೇರೆಯಲ್ಲ. ಬಾಯಿಬಿಟ್ಟರೆ ರಾದ್ಧಾಂತ ಆಗುವ ಮನೆಯಲ್ಲಿ ವರ್ಷಗಟ್ಟಲೆ ನುಂಗಿದವರಿಗೆ ತಮ್ಮ ಸಿಟ್ಟೇ ತಮಗೆ ಕಾಣದ ಹಾಗಾಗಿ, ಕೊನೆಗೆ ಉಳಿಯುವುದು ತಲೆನೋವು, ಮೈಕೈ ನೋವು.

"ರೀ, ಯಾಕೆ ಸುಮ್ನಿದೀರ? ಏನಾಯ್ತು ಹೇಳಿ" ಅಂದರೆ "ಏನಿಲ್ಲ ಬಿಡು" ಅಂತಲೇ ಉತ್ತರ ಬರುತ್ತದೆ. ಅದರ ಬದಲು ನೀವು ಕಂಡದ್ದನ್ನು ಹೇಳಿ: "ಆಫೀಸಿಂದ ಬಂದಾಗಿಂದ ಕುತ್ತಿಗೆ ಉಜ್ಜಿಕೊಳ್ತಿದೀರ. ಅಲ್ಲೇನಾದ್ರೂ ಆಯ್ತಾ?" ಉತ್ತರ ಬರಲು ಟೈಮ್ ಕೊಡಿ, ಅದು ಮರುದಿನ ಬರಬಹುದು. "ಕೋಪನಾ, ನೋವಾಯ್ತಾ, ಅಥವಾ ಬರೀ ಸುಸ್ತಾ?" ಅಂತ ಎರಡು ಮೂರು ಆಯ್ಕೆ ಕೊಟ್ಟರೆ ಅವರಿಗೆ ಸುಲಭ. "ನಿಮಗೆ ಕೋಪ ಬಂದಿದೆ, ನನಗೆ ಗೊತ್ತು" ಅಂತ ನೀವೇ ತೀರ್ಪು ಕೊಡಬೇಡಿ. ಮತ್ತೆ, ಅವರ ಪ್ರೀತಿಯನ್ನು ಮಾತಿನಲ್ಲಿ ಅಳೆಯಬೇಡಿ. ನಿಮ್ಮ ಮಾತ್ರೆ ಮುಗಿಯುವ ಮೊದಲೇ ತಂದಿಡುವವರು, ಬಸ್ ಸ್ಟ್ಯಾಂಡಿಗೆ ಅರ್ಧ ಗಂಟೆ ಮೊದಲೇ ಬಂದು ಕಾಯುವವರು, ಹೇಳಲು ಬಾರದ್ದನ್ನು ಹಾಗೆ ಹೇಳುತ್ತಿರಬಹುದು.

ಹೆಜ್ಜೆ 8: ಯಾವಾಗ, ಎಲ್ಲಿ ಸಹಾಯ ಕೇಳಬೇಕು

ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ಕುಡಿತ ಜಾಸ್ತಿಯಾಗಿದೆ, ರಿಪೋರ್ಟೆಲ್ಲ ನಾರ್ಮಲ್ ಇದ್ದರೂ ನೋವು ನಿಂತಿಲ್ಲ, ಇವುಗಳಲ್ಲಿ ಯಾವುದಿದ್ದರೂ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟನ್ನೋ ನೋಡಿ. ಸಾಯಬೇಕು ಅನ್ನಿಸುತ್ತಿದ್ದರೆ ಕಾಯಬೇಡಿ, ಇವತ್ತೇ ಹೋಗಿ. ಭಾವನೆ ಗೊತ್ತಾಗದವರಲ್ಲಿ ಇದು ಅಳು, ದುಃಖ ಏನೂ ಇಲ್ಲದೆ ಬರೀ "ಇದ್ದು ಏನು ಪ್ರಯೋಜನ" ಅನ್ನುವ ಒಣ ಲೆಕ್ಕಾಚಾರದ ಹಾಗೂ ಬರಬಹುದು. ಅದನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುವ ವ್ಯವಸ್ಥೆ ಇದೆ, ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ.

ಅಲೆಕ್ಸಿಥೈಮಿಯಾಕ್ಕೆ ಅಂತಲೇ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೋ ಆತಂಕಕ್ಕೋ ಚಿಕಿತ್ಸೆ ಇದೆ. ಭಾವನೆ ಗುರುತಿಸುವುದನ್ನು ನೇರವಾಗಿ ಕಲಿಸುವ ಚಿಕಿತ್ಸೆಗಳಲ್ಲಿ, ಗುಂಪು ಚಿಕಿತ್ಸೆಯಲ್ಲಿ ಅಂಕ ಇಳಿದದ್ದು ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅದಕ್ಕೆ ತಿಂಗಳುಗಳು ಬೇಕು. ಮೊದಲ ಭೇಟಿಯಲ್ಲಿ "ನಿಮಗೇನನ್ನಿಸುತ್ತದೆ" ಅಂತ ಅವರು ಕೇಳಿದಾಗ ಮಾತು ಬರದಿದ್ದರೆ, ಇಷ್ಟು ಹೇಳಿ: "ನನಗೆ ಭಾವನೆ ಗುರುತಿಸೋದು ಕಷ್ಟ ಡಾಕ್ಟ್ರೇ, ಮೈಯಲ್ಲಿ ಏನಾಗುತ್ತೆ ಅಂತ ಬರ್ಕೊಂಡು ಬಂದಿದೀನಿ." ಎರಡು ವಾರದ ಡೈರಿ, ಹಳೆಯ ರಿಪೋರ್ಟುಗಳು, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಇವನ್ನು ಮೇಜಿನ ಮೇಲಿಡಿ. ಆಗಬಹುದಾದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.